ಬೊಸಾಂಕೊ ಮೇಜಿನ ಕೇಸರಿ ಕೇಕು

ಈ ಸಲದ ಊರಹಬ್ಬದ ಚಹಾಕೂಟದಲ್ಲಿ ತನಗೂ ಒಂದು ಮೇಜು ಬೇಕೆಂದು ಹೆಡ್ಲಿ ಬೊಸಾಂಕೊ ಬಾಯಿಬಿಟ್ಟು ಕೇಳಿದ. ಅಷ್ಟೇ ಅವನು ಮಾಡಿದ ತಪ್ಪು.

ಕಾರ್ನ್‌ವಾಲಿನ ನಮ್ಮ ಟ್ರೆವಿಡ್ಡನ್ ಊರಿನ ಪ್ರಾರ್ಥನಾಮಂದಿರವಾದ ಚಾಪೆಲಿನ ಅಂಗಳದಲ್ಲಿ ಹಬ್ಬದ ದಿನ ಮನೆತನಕ್ಕೊಂದು ಮೇಜು. ತಮ್ಮದೇ ಬಟ್ಟೆ ಹಾಸಿ, ತಮ್ಮದೇ ಪಿಂಗಾಣಿ ಜೋಡಿಸಿ, ತಮ್ಮ ಮನೆಯ ಕೇಸರಿ ಕೇಕನ್ನು ನಡುವೆ ಕೂರಿಸುತ್ತಾರೆ. ಬೇರೆಯವರು ಬಂದು ಒಂದು ಚೂರು ಮುರಿದು, ಚೆನ್ನಾಗಿದೆ ಎಂದು ಎದ್ದು ಹೋಗಬಹುದು. ಮನೆಯವರಿಗೆ ಆ ಸ್ವಾತಂತ್ರ್ಯವಿಲ್ಲ. ಮೇಜಿನ ಕೇಕು ಮನೆಗೆ ಮರಳಿದರೆ ಮನೆತನಕ್ಕೆ ಕೇಡು ಎಂಬ ನಂಬಿಕೆ. ಕೊನೆಯ ಚೂರು ಮುಗಿಯುವ ತನಕ ಕೂತು ತಿನ್ನಬೇಕು.

ಹೆಡ್ಲಿಗೆ ಮನೆಯವರೇ ಇರಲಿಲ್ಲ. ಒಡಹುಟ್ಟಿದವರಿಲ್ಲ, ಮದುವೆಯಾಗಿರಲಿಲ್ಲ, ಬೊಸಾಂಕೊ ಎಂಬ ಹೆಸರಿನವನಾಗಿ ಊರಲ್ಲಿ ಅವನೊಬ್ಬನೇ ಉಳಿದಿದ್ದ. ಹಬ್ಬದ ದಿನ ಪಕ್ಕದ ಮನೆಯ ಟ್ರೆಂಬಾತರ ಮೇಜಿನ ತುದಿಯಲ್ಲಿ, ಮಕ್ಕಳ ಸಾಲಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವ ಪುಟ್ಟ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಟ್ರೆಂಬಾತರು ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೂ ಅರವತ್ತು ದಾಟಿದವನಿಗೆ ಆ ಕುರ್ಚಿ ನೋಯುತ್ತಿತ್ತು, ಸೊಂಟಕ್ಕಿಂತ ಹೆಚ್ಚಾಗಿ ಮನಸ್ಸಿಗೆ.

ಅಂಚೆ ಕೆಲಸದಿಂದ ನಿವೃತ್ತನಾದ ಮೇಲೆ ಅವನು ವಂಶದ ಬೆನ್ನು ಹತ್ತಿದ. ಎಲ್ಲವೂ ಕಾಲ್ನಡಿಗೆಯಲ್ಲೇ. ಹೆಡ್ಲಿಗೆ ಚಕ್ರವಿರುವುದೂ ಆಗದು, ತೇಲುವುದೂ ಆಗದು. ಇಲಾಖೆ ಕೊಟ್ಟ ವ್ಯಾನು ಮೊದಲ ತಿರುವಿನಲ್ಲೇ ಹೊಟ್ಟೆ ತೊಳಸಿದ್ದರಿಂದ ಕಡೆಯ ತನಕ ಅಂಚೆಚೀಲ ಹೊತ್ತು ನಡೆದವನು. ಸಮಾಧಿಕಲ್ಲುಗಳ ಪಾಚಿ ಕೆರೆದು, ಮುದುಕಿಯರ ಮುಂದೆ ಗಂಟೆಗಟ್ಟಲೆ ಕೂತು, ಕೊನೆಗೂ ಒಂದು ಎಳೆ ಹಿಡಿದ. ಮುತ್ತಜ್ಜನ ತಮ್ಮ ಜ್ಯಾಕಿ ಬೊಸಾಂಕೊ ತವರದ ಗಣಿ ಮುಚ್ಚಿದ ವರ್ಷ ಆಸ್ಟ್ರೇಲಿಯಾದ ತಾಮ್ರದ ಗಣಿಗೆ ಹೋದವನು ಮತ್ತೆ ಸುದ್ದಿಯಿಲ್ಲ. ಅವನ ಮರಿಮಗ ರಸೆಲ್ ಬೊಸಾಂಕೊ ಅಲ್ಲಿನ ಮೂಂಟಾ ಎಂಬ ಗಣಿಯೂರಲ್ಲಿ ಸಿಕ್ಕೇಬಿಟ್ಟ! ಫೋನಿನಲ್ಲಿ ಅವನ ದನಿ ಕೇಳಿದ ದಿನ ಹೆಡ್ಲಿ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಅತ್ತುಬಿಟ್ಟ.

ರಸೆಲ್ ಹೆಂಡತಿ ಮಕ್ಕಳು ಮೊಮ್ಮಕ್ಕಳೊಂದಿಗೆ ಹಬ್ಬಕ್ಕೇ ಬರುತ್ತೇನೆಂದ. ಹೆಡ್ಲಿ ಮೇಜು ಕೇಳಿದ್ದು ಹೀಗೆ.

ಹಬ್ಬದ ಬೆಳಿಗ್ಗೆ ಲವ್‌ಡೇ ಟ್ರೆಂಬಾತ್ ಬಾಗಿಲು ತಟ್ಟದೆಯೇ ಒಳಗೆ ಬಂದಳು.

“ಏನೋ ಹೆಡ್ಲಿ, ಇದು ಮೇಜಿಗೆ ಹಾಸೋ ಬಟ್ಟೆನೋ ಕರ್ಚೀಫೋ?”

“ಅಮ್ಮನದು ಕಣೇ.”

“ನಿಮ್ಮಮ್ಮ ಇಬ್ಬರಿಗೆ ಹಾಸ್ತಿದ್ದಳು. ಈಗ ಬರೋದು ದಂಡು. ನಂದೇ ತರ್ತೀನಿ, ಕಪ್ಪು ಬಸಿನೂ ನಂದೇ ಇರಲಿ.” ಅವಳ ಕಣ್ಣು ಒಲೆಯ ಪಕ್ಕಕ್ಕೆ ಹೋಯಿತು. “ಅಯ್ಯೋ ದೇವರೇ, ಕೇಕೂ ನೀನೇ ಮಾಡಿದೀಯಾ?”

“ಮನೆ ಮೇಜಿಗೆ ಮನೆ ಕೇಕೇ ತಾನೇ ಇಡಬೇಕು?”

ಲವ್‌ಡೇ ಬೆರಳಿನಿಂದ ಕೇಕನ್ನು ಕುಟ್ಟಿದಳು. ಬಾಗಿಲು ಬಡಿದ ಹಾಗೆ ಸದ್ದಾಯಿತು.

“ಆಸ್ಟ್ರೇಲಿಯಾದವರ ಹಲ್ಲು ಗಟ್ಟಿ ಇರುತ್ತಂತೆ, ಬಿಡು,” ಎಂದಳು.

ಹೆಡ್ಲಿಯ ಕೇಕಿನ ಕೀರ್ತಿ ಪಕ್ಕದೂರಿಗೂ ಹಬ್ಬಿತ್ತು. ಪೋರ್ತ್‌ಗ್ಯಾರೊ ಊರಿನ ಬ್ಯಾಂಡ್ ಮಾಸ್ತರು ಎಡ್ವಿನ್ ಕರ್ನೊ ಹಬ್ಬಕ್ಕೆ ವಾದ್ಯ ನುಡಿಸಲು ಬಂದು, ಹಿಂದೊಮ್ಮೆ ಹೆಡ್ಲಿ ಟ್ರೆಂಬಾತರ ಮೇಜಿಗೆ ತಂದುಕೊಟ್ಟಿದ್ದ ಕೇಕಿನ ಚೂರು ಬಾಯಿಗಿಟ್ಟು, “ಹೊಲದ ಗೋಡೆಗೆ ಕಲ್ಲು ಸಾಲದೆ ಬಂದರೆ ಹೇಳ್ತೀನಿ,” ಎಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎಡ್ವಿನ್‌ನನ್ನು ಕಂಡರೆ ಯಾರಿಗೂ ಅಷ್ಟಕ್ಕಷ್ಟೇ ಎನ್ನಿ. ಅವನ ಬ್ಯಾಂಡಿನವರು ಬಸ್ಸಿನಲ್ಲಿ ಬರುತ್ತಿದ್ದರು. ಅವನು ಬಸ್ಸನ್ನೂ ದೋಣಿಯನ್ನೂ ಬೈಯುತ್ತ ಗುಡ್ಡ ಹತ್ತಿ ನಡೆದು ಬಂದು, ಯಾರ ಮೇಜಿಗೂ ಕೂರದೆ, ನಿಂತೇ ಚಹಾ ಕುಡಿದು, ಅದು ತಣ್ಣಗಿದೆ ಎನ್ನುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಹೆಡ್ಲಿಯ ಮೇಜು ಅವನದಾಗಿ ಉಳಿದಿರಲಿಲ್ಲ. ಬಟ್ಟೆ ಲವ್‌ಡೇಯದು, ಕುರ್ಚಿಗಳು ಚಾಪೆಲಿನವು. ಲವ್‌ಡೇಯ ಗಂಡ ಗಾರ್ಫೀಲ್ಡ್ ‘ಬೊಸಾಂಕೊ ಬಳಗಕ್ಕೆ ಸ್ವಾಗತ’ ಎಂದು ಬರೆದ ದೊಡ್ಡ ಬಟ್ಟೆಯನ್ನು ಕಟ್ಟಲು ಏಣಿ ಹತ್ತಿ, ಹೆಡ್ಲಿಯ ಕೆನೆಯ ಬಟ್ಟಲಿಗೆ ಕಾಲಿಟ್ಟೇ ಇಳಿದ. ಟ್ರೆಂಬಾತ್ ಮನೆತನದ ಕಿವಿಗಳು ಊರಿಗೇ ಹೆಸರುವಾಸಿ, ಮೊರದಷ್ಟಗಲ; ನಾಚಿಕೆಯಾದಾಗ ಅವು ಕೆಂಪಗಾಗುತ್ತವೆ. ಗಾರ್ಫೀಲ್ಡನವು ಈಗ ಹಾಗೇ ಆದವು.

“ಬೇಜಾರು ಮಾಡ್ಕೋಬೇಡ ಮಾರಾಯ. ನಿಮ್ಮ ಜ್ಯಾಕಿ ವಂಶ ಸಿಕ್ತಲ್ಲ, ಅದು ಪುಣ್ಯ. ನಮ್ಮ ಮನೆತನದ ಡಿಕ್ ಪಾಪ, ಜ್ಯಾಕಿ ಹಡಗು ಹತ್ತಿದ ದಿನವೇ ಅವನ ಪೆಟ್ಟಿಗೆ ಹೊರೋಕೆ ಅಂತ ಬಂದರಿಗೆ ಹೋದವನು ನೀರು ಪಾಲಾದ,” ಎಂದ.

ಡಿಕ್ ಟ್ರೆಂಬಾತನ ಹೆಸರು ಚಾಪೆಲಿನ ಗೋಡೆಯ ಅಮೃತಶಿಲೆಯಲ್ಲಿ ಕೆತ್ತಿದೆ. ಲವ್‌ಡೇ ಪ್ರತಿ ಹಬ್ಬಕ್ಕೂ ಅದನ್ನು ಉಜ್ಜಿ ಹೊಳಪು ಕೊಟ್ಟು, ಒಂದು ಸಲ ಕಣ್ಣೊರೆಸಿಕೊಳ್ಳುತ್ತಾಳೆ.

ಅತಿಥಿಗಳ ವ್ಯಾನು ಬಂದು ನಿಂತಿತು. ಬ್ಯಾಂಡು ಮೊಳಗಿತು. ಹೆಡ್ಲಿ ಅಂಗಿಯ ಗುಂಡಿಯನ್ನು ಮೂರನೆಯ ಸಲ ಹಾಕಿಕೊಂಡು, ಎರಡೂ ಕೈ ಚಾಚಿ ಓಡಿದ.

ಮೊದಲು ಇಳಿದದ್ದು ಎರಡು ಕಿವಿಗಳು. ಅವುಗಳ ನಡುವೆ ನಗುತ್ತ ರಸೆಲ್ ಇಳಿದ. ಹಿಂದೆ ಅವನ ಮಗ, ಅವೇ ಕಿವಿ. ಮೊಮ್ಮಗಳು, ಅವೇ. ಬಟ್ಟೆಯಲ್ಲಿ ಸುತ್ತಿದ್ದ ಕೂಸಿನ ಟೊಪ್ಪಿಗೆಯನ್ನೂ ಅವು ಎತ್ತಿ ಹಿಡಿದಿದ್ದವು. ಇಡೀ ಅಂಗಳ ಒಮ್ಮೆ ರಸೆಲ್‌ನನ್ನು ನೋಡಿತು, ಒಮ್ಮೆ ಗಾರ್ಫೀಲ್ಡನನ್ನು ನೋಡಿತು. ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತುಹೋಯಿತು.

“ಹೆಡ್ಲಿ ಅಣ್ಣ,” ಎಂದು ರಸೆಲ್ ಅವನ ಕೈ ಹಿಡಿದುಕೊಂಡ. “ಒಂದು ಮಾತು ಹೇಳಬೇಕಿತ್ತು. ಫೋನಲ್ಲಿ ನೀವು ಅಷ್ಟು ಖುಷಿಯಾಗಿದ್ರಿ, ಬಾಯೇ ಬರಲಿಲ್ಲ. ಎದುರಿಗೇ ಹೇಳೋಣ ಅಂತ ಬಂದೆ.”

“ಕಿವಿನೇ ಹೇಳ್ತಿದೆಯಲ್ಲಪ್ಪ,” ಎಂದ ಹೆಡ್ಲಿ ಮೆಲ್ಲಗೆ.

“ಜ್ಯಾಕಿ ಹಡಗು ಹತ್ತಿದ್ದು ನಿಜ. ಹಗ್ಗ ಬಿಚ್ಚೋಕೆ ಮುಂಚೇನೇ ವಾಂತಿ ಶುರುವಾಯ್ತಂತೆ. ‘ಡಿಕ್, ನನ್ನ ಕೈಲಾಗಲ್ಲ, ನನ್ನ ಹೆಸರಲ್ಲಿ ನೀನೇ ಹೋಗು’ ಅಂದು ಇಳಿದುಬಿಟ್ಟ. ಗಣೀಲಿ ಯಾರು ಕೇಳ್ತಾರೆ? ಕಾರ್ನ್‌ವಾಲಿನವನೊಬ್ಬ ಸೇರಿದರೆ ತನ್ನ ಬೀದಿಯವರನ್ನೆಲ್ಲ ಚಿಕ್ಕಪ್ಪನ ಮಗ ಅಂತ ಸೇರಿಸೋನು. ನಮ್ಮ ಮುತ್ತಜ್ಜ ಡಿಕ್, ಗುಟ್ಟು ಬಯಲಾದೀತು ಅಂತ ಊರಿಗೆ ಕಾಗದವನ್ನೂ ಬರೀದೆ, ಸಾಯೋ ತನಕ ಬೊಸಾಂಕೊ ಆಗೇ ಇದ್ದ.”

“ಸಾಯೋ ತನಕ ಅಂದ್ರೆ?” ಲವ್‌ಡೇ ಮುಂದೆ ಬಂದಳು.

“ಎಂಬತ್ತು ದಾಟಿತ್ತು. ಹನ್ನೊಂದು ಮಕ್ಕಳು.”

“ಇಷ್ಟು ವರ್ಷ ಆ ಕಲ್ಲು ಉಜ್ಜಿದೀನಲ್ಲೋ ನಾನು!” ಎಂದು ಲವ್‌ಡೇ ಕೂಗಿದಳು. ಮರುಕ್ಷಣ ರಸೆಲ್‌ನನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಗಾರ್ಫೀಲ್ಡ್ ಕೂಸನ್ನು ಎತ್ತಿಕೊಂಡ. ಕಣ್ಣು ಮಿಟುಕಿಸುವುದರೊಳಗೆ ಬಂದವರೆಲ್ಲ ಟ್ರೆಂಬಾತರ ಮೇಜಿನ ಸುತ್ತ ಸೇರಿದರು.

ಹೆಡ್ಲಿ ಅಲ್ಲೇ ನಿಂತ. ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಮಕ್ಕಳ ಸಾಲಿನ ಪುಟ್ಟ ಕುರ್ಚಿಯಲ್ಲೂ ಈಗ ಆಸ್ಟ್ರೇಲಿಯಾದ ಹುಡುಗಿಯೊಬ್ಬಳು ಕೂತಿದ್ದಳು. ಅದನ್ನು ಕಂಡಾಗ ಮಾತ್ರ ಹಾಕಿಕೊಂಡಿದ್ದ ಅಂಗಿಯ ಗುಂಡಿಯನ್ನು ಬಿಚ್ಚಿಕೊಂಡ.

“ಮತ್ತೆ ಜ್ಯಾಕಿ?” ಎಂದು ಅಲ್ಲಿಂದಲೇ ಕೇಳಿದ. “ಅವನು ಏನಾದ?”

“ಊರಿಗೆ ಬರೋಕೆ ಮುಖ ಇರಲಿಲ್ವಂತೆ,” ಎಂದ ರಸೆಲ್. “ಹಿಂದಿನ ದಿನ ತಾನೇ ಊರೆಲ್ಲ ಸೇರಿ ಹಾಡಿ, ಅತ್ತು, ಗಡಿಯಾರ ಬೇರೆ ಕೊಟ್ಟು ಕಳಿಸಿದ್ದರು. ಗುಡ್ಡದ ಆಚೆ ಪೋರ್ತ್‌ಗ್ಯಾರೊಗೆ ನಡೆದುಹೋಗಿ, ಅಲ್ಲೇ ಮೀನು ಮಾರೋ ಹುಡುಗೀನ ಮದುವೆಯಾಗಿ, ಅವಳ ಮನೆ ಹೆಸರನ್ನೇ ಇಟ್ಕೊಂಡನಂತೆ. ಇದನ್ನ ಜ್ಯಾಕಿನೇ ಯಾರೋ ಗಣಿಯವನ ಕೈಲಿ ಡಿಕ್‌ಗೆ ಹೇಳಿ ಕಳಿಸಿದ್ದು. ಆ ಹೆಸರು ಕರ್ನೊ ಅಂತ.”

ಆ ಕಾಲದಲ್ಲಿ ನಮ್ಮೂರಿನವರು ಆಸ್ಟ್ರೇಲಿಯಾಕ್ಕಾದರೂ ಹೋಗುತ್ತಿದ್ದರು, ಪೋರ್ತ್‌ಗ್ಯಾರೊಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅವರ ಚಾಪೆಲೇ ಬೇರೆ, ಪಂಗಡವೇ ಬೇರೆ. ಅಡಗಿಕೊಳ್ಳಲು ಜ್ಯಾಕಿಗೆ ಅದಕ್ಕಿಂತ ಭದ್ರವಾದ ಜಾಗ ಲೋಕದಲ್ಲೇ ಇರಲಿಲ್ಲ.

ಅಂಗಳದ ತಲೆಗಳೆಲ್ಲ ಈಗ ಬ್ಯಾಂಡಿನ ಕಡೆ ತಿರುಗಿದವು. ಬಸ್ಸು ಆಗದ, ದೋಣಿ ಆಗದ, ಗುಡ್ಡ ಹತ್ತಿ ನಡೆದೇ ಬರುವ ಎಡ್ವಿನ್ ಕರ್ನೊ ಕೈಯಲ್ಲಿ ತಣ್ಣಗಾದ ಚಹಾ ಹಿಡಿದು ನಿಂತಿದ್ದ.

“ಅಯ್ಯೋ, ನೀವಿಬ್ಬರೂ ದಾಯಾದಿಗಳೇನ್ರೋ!” ಎಂದಳು ಲವ್‌ಡೇ. “ಅದಕ್ಕೇ ಆಗಿಬರಲ್ಲ!”

“ನಮ್ಮ ಮುತ್ತಜ್ಜ ಎಲ್ಲಿಯವನು ಅಂತ ಮನೇಲಿ ಯಾರೂ ಹೇಳ್ತಿರಲಿಲ್ಲ,” ಎಂದ ಎಡ್ವಿನ್. “ಹಡಗು ಕಂಡ್ರೆ ಮುಖ ತಿರುಗಿಸ್ತಿದ್ದ, ಅಷ್ಟು ಗೊತ್ತು.”

ಹೆಡ್ಲಿ ತನ್ನ ಖಾಲಿ ಮೇಜಿನ ಬಳಿಗೆ ಬಂದು ಆಕಾಶ ನೋಡಿದ. ಇಷ್ಟೆಲ್ಲ ಪಾಚಿ ಕೆರೆದದ್ದು ಇವನಿಗಾಗಿಯೇ?

ಎಡ್ವಿನ್ ಟೊಪ್ಪಿಗೆ ತೆಗೆದು, ಬಟ್ಟಲು ಹಿಡಿದುಕೊಂಡು ಅಂಗಳ ದಾಟಿ ಬಂದು, ಹೆಡ್ಲಿಯ ಮೇಜಿನಲ್ಲಿ ಎದುರಿನ ಕುರ್ಚಿ ಎಳೆದು ಕೂತ. ಕೇಕಿನ ಚೂರೊಂದನ್ನು ಬಹಳ ಹೊತ್ತು ಅಗಿದ.

“ಆವತ್ತಿನದೇ ವಾಸಿ ಇತ್ತು,” ಎಂದ.

“ತಿನ್ನು ಅಂತ ಯಾರು ಕರೆದಿದ್ದು?” ಎಂದ ಹೆಡ್ಲಿ, ಕೂರುತ್ತ.

ಪಕ್ಕದ ಮೇಜಿನಿಂದ ಲವ್‌ಡೇ ಕೂಗಿದಳು. “ಹೆಡ್ಲಿ, ನಮಗೆ ಕುರ್ಚಿ ಸಾಲ್ತಿಲ್ಲ. ನೀವಿಬ್ಬರೂ ಇಲ್ಲೇ ಬಂದು ಎಲ್ಲಾದರೂ ತೂರಿಕೊಳ್ಳಿ.”

ಹೆಡ್ಲಿ ಅರ್ಧ ಎದ್ದ. ಎಡ್ವಿನ್ ಅವನ ತೋಳು ಹಿಡಿದು ಕೂರಿಸಿದ.

“ಬೇಡಮ್ಮ,” ಎಂದ ಗಟ್ಟಿಯಾಗಿ. “ಇದು ಮನೆಯವರ ಮೇಜು.”

ಹೆಡ್ಲಿಯ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ನೋಡಿದರೆ, ಆ ಮಾತಿನ ಅರ್ಥ ಆಡಿದವನಿಗೂ ಆಗಲೇ ಹೊಳೆದಿತ್ತು. ದೊಡ್ಡ ದಂಡಿಗೆಂದು ಮಾಡಿದ, ಮನೆಗೆ ಮರಳಬಾರದ ಕೇಕು ಇಬ್ಬರ ನಡುವೆ ಕೂತಿತ್ತು. ಅಂಗಳದ ಜನವೆಲ್ಲ ಕತ್ತು ಚಾಚಿ ನೋಡುತ್ತಿತ್ತು.

ಹೆಡ್ಲಿ ಚಾಕು ತೆಗೆದುಕೊಂಡು, ಎದ್ದು ನಿಂತು, ಮೈಭಾರವೆಲ್ಲ ಹಾಕಿ ಅದನ್ನು ಸರಿಯಾಗಿ ಅರ್ಧ ಮಾಡಿದ.

“ಹಾಗಾದ್ರೆ ನಿನ್ನ ಪಾಲು ಮುಗಿಸಿ ಏಳು, ದಾಯಾದಿ,” ಎಂದು ಅವನ ಮುಂದೆ ನೂಕಿದ.