ಕರಿಬೇವಿನ ಅರ್ಧ ಪಾಠ

ನಾನು ಬಾಯಿ ತೆರೆದಾಗೊಮ್ಮೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಯಾರಿಗಾದರೂ ಪೆಟ್ಟು ಬೀಳುತ್ತದೆ. ಬಹಳ ಸಲ ನನಗೇ ಬೀಳುತ್ತದೆ, ಅದಕ್ಕೆ ಬೇಜಾರಿಲ್ಲ. ಈ ಸಲ ಬಿದ್ದದ್ದು ಆಯಿಗೆ, ಅಂದರೆ ನಮ್ಮಪ್ಪನ ತಾಯಿಗೆ.

೧. ಕಿಟಕಿಯ ಹೊರಗೆ

ಒಂಬತ್ತನೇ ತರಗತಿಯಲ್ಲಿ ಎರಡನೇ ವರ್ಷ ಕೂತಿದ್ದೆ. ಕೂತಿದ್ದೆ ಅನ್ನುವುದೂ ಸುಳ್ಳು, ದಿನಾ ಹೊರಗೇ ನಿಂತಿರುತ್ತಿದ್ದೆ. ಅವತ್ತು ವಿಜ್ಞಾನದ ಮಾಸ್ತರರ ಡಸ್ಟರಿಗೆ ಖಾರದಪುಡಿ ಸವರಿದ್ದೆ. ಅವರು ಸೀನಿ ಸೀನಿ ನನ್ನನ್ನು ಹೊರಗೆ ಹಾಕಿ ಪಾಠ ಮುಂದುವರಿಸಿದರು. ಹುಳ ತಿನ್ನಬಾರದೆಂದು ಗಿಡಗಳು ಕಹಿ ಪದಾರ್ಥ ಮಾಡಿಕೊಳ್ಳುತ್ತವಂತೆ, ಹೆಸರು ಅಲ್ಕಲಾಯ್ಡ್. ನಮ್ಮೂರ ತಂಬಾಕಿನ ನಶೆ ಅದೇ ಅಂತೆ. ಕರಿಬೇವಿನಲ್ಲಿ ಬೇರೆ ನಮೂನೆಯವು ಇವೆಯಂತೆ, ಅವು ಇಲಿಗಳ ರಕ್ತದ ಸಕ್ಕರೆ ಇಳಿಸಿದವಂತೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಬರುವುದು ಕಾಣಿಸಿತು. ನಾನು ಕಂಪೌಂಡ್ ಹಾರಿದೆ. ಉಳಿದ ಪಾಠ ಅಲ್ಲೇ ಉಳಿಯಿತು.

ಮನೆಯಲ್ಲಿ ಆಯಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ.

"ಆಯಿ, ಕರಿಬೇವಿನ್ಯಾಗ ಅಲ್ಕಲಾಯ್ಡ್ ಐತಿ. ತಿಂದರ ಸಕ್ಕರಿ ಬ್ಯಾನಿ ಓಡಿ ಹೋಗತೈತಿ" ಅಂದೆ.

ಆಯಿಯ ಕೈ ನಿಂತಿತು. ಸಾಲಿಯಿಂದ ನಾನು ಮನೆಗೆ ತಂದ ಮೊದಲ ಪಾಠ ಅದು. ಅಲ್ಲೀತನಕ ತರುತ್ತಿದ್ದದ್ದು ಮಾಸ್ತರರ ದೂರಿನ ಚೀಟಿ ಮಾತ್ರ.

೨. ಒಗ್ಗರಣೆ ಬೀಡಿ

ನಮ್ಮ ಹುಡುಗ ಕಲಿತು ಬಂದಾನ ಅಂತ ಆಯಿ ಬೀಡಿ ಸುತ್ತುವ ಹೆಂಗಸರಿಗೆಲ್ಲ ಹೇಳಿದಳು. ಹಿತ್ತಲ ಗಿಡದಿಂದ ದಿನಾ ಎರಡು ಹಿಡಿ ಹಸಿ ಎಲೆ ತಿಂದಳು, ಉಳಿದದ್ದನ್ನು ಒಣಗಿಸಿಟ್ಟಳು. ನನಗೆ ಕೈ ತುರಿಸಿತು. ತಂಬಾಕಿನಲ್ಲೂ ಅಲ್ಕಲಾಯ್ಡ್, ಕರಿಬೇವಿನಲ್ಲೂ ಅಲ್ಕಲಾಯ್ಡ್, ಎರಡನ್ನೂ ಕೂಡಿಸಿದರೆ ಹೇಗೆ? ಆಯಿ ನೀರಿಗೆ ಹೋದಾಗ ಒಣಗಿದ ಎಲೆ ತಿಕ್ಕಿ ಅವಳ ತಂಬಾಕಿಗೆ ಬೆರೆಸಿದೆ.

ಮರುದಿನ ಆಯಿ ಸುತ್ತಿದ ಬೀಡಿ ಕೊಡಲು ಕಾರ್ಖಾನೆಗೆ ಹೋದಳು, ನಾನೂ ಬೆನ್ನುಹತ್ತಿದೆ. ಅಲ್ಲಿ ಬೀಡಿ ತೆಗೆದುಕೊಳ್ಳುವವ ಒಂದನ್ನು ಹಚ್ಚಿ ನೋಡಿದ. "ಆಯಿ, ಇದನ್ನ ಸೇದೂದೋ, ಸಾರಿಗೆ ಹಾಕೂದೋ?" ಅಂದು ಇಡೀ ಕಟ್ಟು ಆಚೆ ಸರಿಸಿದ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ಬಾಗಿಲಲ್ಲಿ ನಿಂತ ನಾನು.

ಮನೆಗೆ ಬರುವ ದಾರಿಯಲ್ಲಿ ಆಯಿ ಅಂದಳು: "ಕಣ್ಣ ಮಂಜಾಗ್ಯಾವೋ ಕೂಸ, ತಂಬಾಕದಾಗ ಎಲಿ ಬಿದ್ದದ್ದ ಕಾಣಲಿಲ್ಲ. ಇನ್ನೊಂದ ಹಿಡಿ ಹೆಚ್ಚ ತಿಂತೇನಿ, ಕಣ್ಣಿಗೂ ಚಲೋ ಆದೀತು."

ಅವತ್ತೇ ನಿಜ ಹೇಳಬೇಕಿತ್ತು. ನಾನು ಗಿಡ ಹತ್ತಿ ಇನ್ನೊಂದು ಹಿಡಿ ಹರಿದುಕೊಟ್ಟೆ.

೩. ಸೀರೆಯ ಗಂಟು

ತಿಂಗಳೊಳಗೆ ಆಯಿ ಕಣ್ಣುಕತ್ತಲೆ ಬಂದು ಮೊರದ ಮೇಲೇ ಬಿದ್ದಳು. ದವಾಖಾನೆಯಲ್ಲಿ ನೋಡಿದರೆ ಸಕ್ಕರೆ ಸಿಕ್ಕಾಪಟ್ಟೆ ಏರಿತ್ತು. ಗುಳಿಗೆ ತಗೋತೀರಿಲ್ಲೋ ಎಂದು ಡಾಕ್ಟರು ಕೇಳಿದರು. ಆಯಿ ಸೀರೆಯ ಸೆರಗಿನ ಗಂಟು ಬಿಚ್ಚಿದಳು. ಗುಳಿಗೆಗಳೆಲ್ಲ ಅಲ್ಲೇ ಇದ್ದವು.

"ಕರಿಬೇವು ತಿನ್ನಾಕತ್ತೇನ್ರಿ. ನಮ್ಮ ಹುಡುಗ ಕಲತ ಬಂದ ಹೇಳ್ಯಾನ."

ಡಾಕ್ಟರು ನನ್ನನ್ನು ನೋಡಿ, "ಎಷ್ಟ ಕಲತಾನ?" ಅಂದರು.

"ಒಂಬತ್ತನೇತ್ತಾ," ಅಂದಳು ಆಯಿ, ಹೆಮ್ಮೆಯಿಂದ. "ಎರಡ ಸಲ ಕಲತಾನ್ರಿ."

ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಡಾಕ್ಟರು ನಗಲಿಲ್ಲ. ಇನ್ನೊಂದು ವಾರ ತಡ ಮಾಡಿದ್ದರೆ ಮುದುಕಿ ಉಳಿಯುತ್ತಿರಲಿಲ್ಲ ಅಂದರು.

ಅವತ್ತು ಜನ್ಮದಲ್ಲಿ ಮೊದಲ ಸಲ ನಾನಾಗಿಯೇ ಮಾಸ್ತರರ ಮನೆಗೆ ಹೋಗಿ, ಆ ಪಾಠದ ಮುಂದಿನ ಭಾಗ ಕೇಳಿದೆ.

"ಇಲಿಗೆ ನೋಡ್ಯಾರ, ಮನುಷ್ಯಾರಿಗೆ ಇನ್ನೂ ಪಕ್ಕಾ ಆಗಿಲ್ಲ. ಅಡಗ್ಯಾಗ ತಿನ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ ಅಂದಿದ್ದೆ," ಅಂದರು. "ಆಗ ನೀ ಎಲ್ಲಿದ್ದಿ?"

ಕಂಪೌಂಡಿನ ಮೇಲೆ.

ದವಾಖಾನೆಗೆ ತಿರುಗಿ ಬಂದು ಆಯಿಗೆ ಎಲ್ಲಾ ಹೇಳಿದೆ, ಅರ್ಧ ಪಾಠದ್ದೂ, ಬೀಡಿಯದೂ. ಅವ್ವ ಡಬ್ಬಿಯಲ್ಲಿ ಉಪ್ಪಿಟ್ಟು ತಂದಿದ್ದಳು. ಆಯಿ ಬಾಯಿಗೆ ಹಾಕುವ ಮೊದಲು ಕರಿಬೇವಿನ ಎಲೆಗಳನ್ನು ಒಂದೊಂದೇ ಆರಿಸಿ ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದಳು.

"ಇವನ್ನ ನೀ ತಿನ್ನು. ನನಗ ಗುಳಿಗಿ ಅದಾವು. ನಿನ್ನ ಬಾಯಿಗೆ ಯಾ ಡಾಕ್ಟರ ಕಡೆನೂ ಔಷಧ ಇಲ್ಲ."

ಒಂದೂ ಬಿಡದೆ ತಿಂದೆ.