ಲಾಂಛನ ಹೊತ್ತ ಇನ್ನೂರು ಟವೆಲ್ಲು

ಗಚ್ಚಿಬೌಲಿಯಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಟ್ಟಡ ಏಳುತ್ತಿದ್ದ ಕಾಲ. ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಹೈದರಾಬಾದ್ ಶಾಖೆಗೆ ನಾನು ಗೌರವ ಕಾರ್ಯದರ್ಶಿ. ಸರ್ವಾನುಮತದ ಆಯ್ಕೆ! ಆ ಸಭೆಗೆ ಬಂದಿದ್ದವನು ನಾನೊಬ್ಬನೇ.

ವಾರ್ಷಿಕ ಕೂಟದ ನೆನಪಿಗೆ ಟೀ ಶರ್ಟು ಹಂಚೋಣ ಎಂದರು ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಕಿರಿಯರು. ನಾನು ಒಪ್ಪಲಿಲ್ಲ. ನಮ್ಮ ಕಡೆ ಟವೆಲ್ ಹೊದಿಸದಿದ್ದರೆ ಅದು ಸನ್ಮಾನವೇ ಅಲ್ಲ. ಕೆಂಪು ಟವೆಲ್, ನಟ್ಟನಡುವೆ ವಿಶ್ವವಿದ್ಯಾಲಯದ ನೀಲಿ ಲಾಂಛನ. ಇನ್ನೂರು! ಮಣಿಕೊಂಡದ ನಮ್ಮ ಮನೆಗೆ ಗಂಟುಗಳು ಬಂದಿಳಿದವು.

"ಲಾಂಛನ ಹಾಕಾಕ ಪರವಾನಗಿ ತಗೊಂಡೀರೇನ್ರಿ?" ಎಂದಳು ಹೆಂಡತಿ ಶಾರದಾ.

"ನಾ ಕಲ್ತ ಯುನಿವರ್ಸಿಟಿ ಐತಿ. ಅವ್ವನ ಫೋಟೋ ಗ್ವಾಡಿಗೆ ಹಾಕಾಕ ಯಾರ ಪರವಾನಗಿ ಬೇಕ?"

"ಅವ್ವನ ಫೋಟೋದಾಗ ಯಾರೂ ಮಾರಿ ಒರಸೂದಿಲ್ರಿ."

ನಾನು ಉದಾರವಾಗಿ ನಕ್ಕುಬಿಟ್ಟೆ.

ಅತಿಥಿಯಾಗಿ ವಿಶ್ವವಿದ್ಯಾಲಯದಿಂದ ಯಾರಾದರೊಬ್ಬರು ಬರಲಿ ಎಂದು ಬರೆದಿದ್ದೆ. ಅಷ್ಟು ದೊಡ್ಡ ಸಂಸ್ಥೆ ಹುಡುಕಿ ಹುಡುಕಿ ಕಳಿಸಿದ್ದು ಲಾಂಛನ ಬಳಕೆಗೆ ಪರವಾನಗಿ ಕೊಡುವ ಅಧಿಕಾರಿಯನ್ನೇ! ಫೋನಿನಲ್ಲಿ ಅವರು, "ಪರವಾನಗಿ ಇಲ್ದ ಲಾಂಛನ ಕಣ್ಣಿಗೆ ಬಿತ್ತಂದ್ರ ಸಂಘದ ಮಾನ್ಯತಾನ ರದ್ದು ಮಾಡ್ತೀನ್ರಿ. ನನ್ನ ಭಾಷಣಾನೂ ಅದರ ಮ್ಯಾಲೇ ಐತಿ," ಎಂದರು.

ತಕ್ಷಣ ಅರ್ಜಿ ಫ್ಯಾಕ್ಸ್ ಮಾಡಿದೆ. 'ವಸ್ತುವಿನ ಉಪಯೋಗ' ಎಂಬಲ್ಲಿ ಪ್ರಾಮಾಣಿಕನಾಗಿ ತುಂಬಿದೆ: "ಮೊದಲು ಸನ್ಮಾನಕ್ಕೆ, ನಂತರ ಮೈ ಒರೆಸಲು."

ಮರುದಿನವೇ ಉತ್ತರ: "ವಿಶ್ವವಿದ್ಯಾಲಯದ ಘನತೆಯಿಂದ ಮೈ ಒರೆಸುವಂತಿಲ್ಲ. ತಿರಸ್ಕರಿಸಿದೆ."

ಕೂಟಕ್ಕೆ ಉಳಿದದ್ದು ಎರಡು ದಿನ. ಟವೆಲ್ಲುಗಳನ್ನು ಕುದಿಯುವ ನೀರಿಗೆ ಹಾಕಿ ಲಾಂಛನ ತೆಗೆಯಲು ಹೊರಟೆ. ಕೆಂಪೆಲ್ಲ ಬಿಟ್ಟಿತು. ಜೊತೆಗೆ ಹಾಕಿದ್ದ ನನ್ನ ಬಿಳಿ ಧೋತರ ಗುಲಾಬಿಯಾಯಿತು. ಲಾಂಛನ ಮಾತ್ರ ಘನತೆಯಿಂದ ಹೊಳೆಯುತ್ತಿತ್ತು. ಮುಟ್ಟಿದರೆ ತುಸು ಅಂಟುತ್ತಿತ್ತು, ಅಷ್ಟೇ.

"ಒಳಮೈ ಮಾಡಿ ಹೊದಿಸಿದ್ರ ಕಾಣಂಗಿಲ್ಲ!" ಎಂದು ಘೋಷಿಸಿದೆ. ಶಾರದಾ ನನ್ನ ಗುಲಾಬಿ ಧೋತರ ಹಿಂಡಿ ಒಣಹಾಕಿದಳು. ಅದು ಅಪಶಕುನ.

ಕೂಟದ ದಿನ ಲಾಂಛನ ಬೆನ್ನ ಕಡೆ ಬರುವಂತೆ ತಿರುಗಿಸಿ ಅಧಿಕಾರಿಗಳಿಗೆ ಹೊದಿಸಿದೆ. ಚಪ್ಪಾಳೆ! ಟವೆಲ್ ಹೊದ್ದೇ ಅವರು ಲಾಂಛನದ ದುರ್ಬಳಕೆಯ ಮೇಲೆ ಮುಕ್ಕಾಲು ಗಂಟೆ ಬೆವರು ಸುರಿಸಿ ಮಾತನಾಡಿದರು. ಕೊನೆಗೆ ಸೆಕೆ ತಾಳದೆ ಅದನ್ನು ತೆಗೆದಿಟ್ಟು, ಕುರ್ಚಿಯ ಕಡೆಗೆ ತಿರುಗಿದರು.

ಅವರ ಬಿಳಿ ಅಂಗಿಯ ಬೆನ್ನ ಮೇಲೆ ನೀಲಿ ಲಾಂಛನ! ಒಂದು ಗೆರೆಯೂ ತಪ್ಪಿರಲಿಲ್ಲ.

"ಸಾಹೇಬ್ರ ಅಂಗಿಗೆ ಪರವಾನಗಿ ಐತೇನ್ರಿ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನು ವಂದನಾರ್ಪಣೆ ಮಾಡದೆಯೇ ಕಾಲ್ಕಿತ್ತೆ.

ವಾರದ ಮೇಲೆ ಪತ್ರ ಬಂತು: "ಸಂಘದ ಮಾನ್ಯತೆ ಮುಂದುವರಿಸಿದೆ. ಅಂಗಿಯ ಮೇಲೆ ಲಾಂಛನ ಬಳಸಲು ಪರವಾನಗಿ ನೀಡಿದೆ. ಮಾದರಿಯನ್ನು ಖುದ್ದು ಪರಿಶೀಲಿಸಲಾಗಿದೆ. ಕಾರ್ಯದರ್ಶಿಯನ್ನು ಬದಲಿಸತಕ್ಕದ್ದು."

ಹಣೆಯ ಬೆವರು ಒರೆಸಿಕೊಳ್ಳಲು ಗಂಟಿನಿಂದ ಒಂದು ಟವೆಲ್ ಎಳೆದೆ.

"ಅದರಾಗ ಒರಸಬ್ಯಾಡ್ರಿ, ಪರವಾನಗಿ ಇಲ್ಲ!" ಎಂದಳು ಶಾರದಾ ಅಡುಗೆಮನೆಯಿಂದ.

ತೆಪ್ಪಗೆ ಧೋತರದ ಚುಂಗಿನಿಂದ ಒರೆಸಿಕೊಂಡೆ. ಅದೇ ಗುಲಾಬಿ ಧೋತರ. ಬಣ್ಣ ಇನ್ನೂ ಬಿಡುತ್ತಿತ್ತು!