ಬಲೆ ಕಟ್ಟಿದ ಕೋಚ್

ಕಾಲೇಜಿನ ಬೆಳ್ಳಿಹಬ್ಬಕ್ಕೆ ನಮ್ಮ ಸಾರ್ವಕಾಲಿಕ ಶ್ರೇಷ್ಠ ಫುಟ್‌ಬಾಲ್ ಕೋಚನ್ನು ಆರಿಸಿ ಸನ್ಮಾನಿಸೋಣ ಎಂದು ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವನು ಕೋಚ್ ಪ್ರಭುಸ್ವಾಮಿಯೇ. ಇದುವರೆಗಿನ ಕೋಚುಗಳು ಮೂವರು. ವೀರಭದ್ರಸ್ವಾಮಿ ಮೇಷ್ಟ್ರು ತೀರಿಕೊಂಡಿದ್ದರು. ಶಿವಶಂಕರ ಮೇಷ್ಟ್ರು ಮೊಣಕಾಲು ನೋವೆಂದು ಮೈಸೂರು ಬಿಟ್ಟು ಕದಲುತ್ತಿರಲಿಲ್ಲ. ಉಳಿದವನು ತಾನೊಬ್ಬನೇ. ಹಾಗಾಗಿ ಶಾಲನ್ನು ತನ್ನ ಮೈಬಣ್ಣಕ್ಕೆ ಒಪ್ಪುವಂಥದ್ದನ್ನೇ ಆರಿಸಿ ತಂದಿಟ್ಟಿದ್ದ, ಪಾಪ.

ಆ ಶಾಲು ಅವನಿಗೆ ಬೇಕಿದ್ದುದು ಅತ್ತೆಯ ಎದುರು ಹೊದೆಯಲಿಕ್ಕೆ. ಪಿರಿಯಾಪಟ್ಟಣದ ಆ ಕಾಲೇಜು ಮೈದಾನದ ಗೋಲಿನ ಹಿಂದೆಯೇ ಅತ್ತೆ ಪುಟ್ಟಮಾದಮ್ಮನ ಹೊಗೆಸೊಪ್ಪಿನ ಹೊಲ. ಅಳಿಯ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ, "ಐಕ್ಳು ಜೊತೆ ಆಟ ಆಡ್ಕಂಡವ್ರೆ" ಎಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಳು ಆಕೆ. ಆ ಮಾತು ಅವನಿಗೆ ಉಂಡ ಅನ್ನ ಮೈಗೆ ಹತ್ತದಂತೆ ಮಾಡಿತ್ತು.

"ಅತ್ತೆ, ಮಧ್ಯಾನ ಫಂಕ್ಷನ್‌ಗೆ ಬನ್ನಿ. ನಂಗೆ ಸನ್ಮಾನ ಅದೆ" ಎಂದು ಬೆಳಿಗ್ಗೆಯೇ ಹೇಳಿಬಂದ.

"ಆಟ ಆಡುದ್ರೂ ಶಾಲು ಹೊದುಸ್ತಾರಾ ಅಳಿಯಂದ್ರೆ? ಬತ್ತೀನಿ, ಅದೂ ನೋಡವ."

ಹತ್ತು ಗಂಟೆಗೆ ಹಳೇ ಆಟಗಾರರ ಸಭೆ ಸೇರಿತು. ಮೊದಲ ಕಪ್ ಗೆದ್ದಾಗಿನ ಕ್ಯಾಪ್ಟನ್, ಈಗ ಹಾರ್ಡ್‌ವೇರ್ ಅಂಗಡಿಯ ಚನ್ನಬಸವಣ್ಣ ಮೇಜು ಗುದ್ದಿದ. "ವೀರಭದ್ರಸ್ವಾಮಿ ಮೇಷ್ಟ್ರುನ್ನ ಬುಟ್ರೆ ಇನ್ಯಾರ್ಲಾ? ನಮ್ಮನ್ನ ಬೈಲಕುಪ್ಪೆಗಂಟ ಓಡುಸ್ಕಂಡು ಹಿಂದೆ ಸ್ಕೂಟರಲ್ಲಿ ಬರೋರು!"

"ಓಡ್ಸಕ್ಕೆ ಕೋಚ್ ಯಾಕಣ್ಣ, ನಾಯಿ ಸಾಕು" ಎಂದ ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ವಕೀಲ ಯತೀಶ. "ಶಿವಶಂಕರ ಮೇಷ್ಟ್ರು ಬೋರ್ಡ್ ಮೇಲೆ ಬಾಣ ಬರ್ದು ಆಟ ಕಟ್ಟೋರು."

"ಆ ಬಾಣ ನಿಂಗೆ ಅರ್ತ ಆಯ್ತಿತ್ತಾ?"

"ಯಾರಿಗೂ ಆಯ್ತಿರ್ಲಿಲ್ಲ. ಅದೇ ಕಣಣ್ಣ ಅವ್ರ ದೊಡ್ಡತನ!"

ಪ್ರಭುಸ್ವಾಮಿ ಎರಡು ಸಲ ಕೆಮ್ಮಿದ. ಯಾರೋ ನೀರಿನ ಲೋಟ ಮುಂದೆ ತಳ್ಳಿದರು.

ಪ್ರಿನ್ಸಿಪಾಲ್ ವಾಣಿಶ್ರೀ ಕಪ್ ಗೆದ್ದ ವರ್ಷಗಳ ಹಳೆಯ ಪಟ್ಟಿ ಬಿಡಿಸಿದರು. ಅವರು ಲೆಕ್ಕಶಾಸ್ತ್ರದವರು, ಗದ್ದಲಕ್ಕಿಂತ ಕಾರಣ ಮುಖ್ಯ. "ಇಬ್ಬರ ಕಾಲದಲ್ಲೂ ಎರಡೆರಡು ಕಪ್ ಬಂದಿದೆ. ಒಬ್ಬರದು ಓಟ, ಇನ್ನೊಬ್ಬರದು ಬಾಣ. ಇಷ್ಟು ಬೇರೆ ಬೇರೆ ಇದ್ದವರಿಗೆ ಒಂದೇ ಫಲ ಹೇಗೆ ಬಂತು? ಎರಡೂ ಕಾಲದಲ್ಲಿ ಇದ್ದದ್ದು ಏನು?"

ಪ್ರಭುಸ್ವಾಮಿ ಆಗ ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಅವನಿಗೂ ಕುತೂಹಲ ಕೆರಳಿತು. "ಗೋಲು ಹೆಂಗೆ ಹೊಡೀತಿದ್ರಿ, ಅದನ್ನ ಹೇಳಿ."

"ನೆಲ ಸವರ್ಕಂಡು" ಎಂದ ಚನ್ನಬಸವಣ್ಣ. "ಮೇಲಕ್ಕೆ ಒದೀತಾನೇ ಇರ್ಲಿಲ್ಲ."

"ನಾವೂವೆ!" ಎಂದ ಯತೀಶ.

"ಯಾಕೆ?"

ಇಬ್ಬರೂ ಒಟ್ಟಿಗೆ ಕಿಟಕಿಯಾಚೆ ನೋಡಿದರು. "ನೆಲದ ಮೇಲೆ ಹೋದ ಚೆಂಡು ಹೊಲದ ಬದುಗೆ ತಾಕಿ ನಿಂತ್ಕತಿತ್ತು" ಎಂದ ಚನ್ನಬಸವಣ್ಣ ಮೆಲ್ಲಗೆ. "ಮೇಲಕ್ಕೆ ಒದ್ರೆ ಪುಟ್ಟಮಾದಮ್ಮನ ಸೊಪ್ಪಿನ ಮ್ಯಾಲೆ ಬೀಳದು. ಆವಮ್ಮ ದೊಣ್ಣೆ ತಕಂಡು ಬರದು. ಆ ಭಯಕ್ಕೇ ಕಣ್ರೀ ನಮ್ ಕಾಲು ತಿದ್ದುದ್ದು."

"ಹಾಗಾದರೆ ಈ ಹತ್ತು ವರ್ಷದಿಂದ ಒಂದೂ ಕಪ್ ಇಲ್ಲವಲ್ಲ, ಅದು ಯಾಕೆ?" ವಾಣಿಶ್ರೀ ಕೇಳಿದರು.

ಎಲ್ಲರ ಕಣ್ಣೂ ಗೋಲಿನ ಹಿಂದೆ ನೀಲಗಿರಿ ಗಳುಗಳಿಗೆ ಬಿಗಿದಿದ್ದ ಎತ್ತರದ ಬಲೆಯ ಮೇಲೆ ನಿಂತಿತು. ಮದುವೆಯಾದ ವಾರದಲ್ಲೇ, ಅತ್ತೆಯ ಸೊಪ್ಪು ಉಳಿಯಲೆಂದು ಪ್ರಭುಸ್ವಾಮಿ ಕಟ್ಟಿಸಿದ್ದ ಬಲೆ. ಕಟ್ಟಿಸಿದವನ ಹೆಸರನ್ನೂ ಗಳುವಿಗೆ ತೂಗಿದ ಹಲಗೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದ. ಯಾರೂ ಕೇಳಬೇಕಾಗಲಿಲ್ಲ.

ಮಧ್ಯಾಹ್ನ ವೇದಿಕೆಯ ಮೇಲೆ ಪುಟ್ಟಮಾದಮ್ಮನಿಗೆ ಶಾಲು ಹೊದಿಸಿದರು. ಹೊದಿಸಿದವನು ಅಳಿಯನೇ. ಬಣ್ಣ ಆಕೆಗೂ ಚೆನ್ನಾಗಿ ಒಪ್ಪಿತು.

ಮುದುಕಿ ಮೈಕು ಹಿಡಿದಳು. "ನಾನೇನೂ ಕಲುಸ್ನಿಲ್ಲ ಕಣ್ರಪ್ಪ, ಬೈದಿವ್ನಿ ಅಷ್ಟೇಯ. ಆದ್ರೆ ಈ ಕೋಚು ಅನ್ನೋದು ಇಷ್ಟು ದೊಡ್ಡ ಕೆಲ್ಸ ಅಂತ ನಂಗೆ ಗೊತ್ತೇ ಇರ್ನಿಲ್ಲ."

ಪ್ರಭುಸ್ವಾಮಿಯ ಎದೆ ಉಬ್ಬಿತು. ಹತ್ತು ವರ್ಷ ಕಾದ ಮಾತು!

"ಅದ್ಕೇಯ" ಆಕೆ ಮುಂದುವರಿಸಿದಳು, "ನಮ್ಮ ಅಳಿಯಂದ್ರ ಕೈಲಿ ಆಗ್ದೆ ಇದ್ದುದ್ದು."

ಚಪ್ಪಾಳೆಯ ನಡುವೆಯೇ ಹುಡುಗರು ಬಲೆ ಬಿಚ್ಚಿ ಗಳುಗಳನ್ನು ಕೆಳಗಿಳಿಸಿದರು. ಸೌಹಾರ್ದ ಪಂದ್ಯಕ್ಕೆ ಮೊದಲು ಮರ್ಯಾದೆಯ ಒಂದು ಒದೆತ ಪ್ರಭುಸ್ವಾಮಿಗೆ ಸಿಕ್ಕಿತು. ಹೋದ ಮಾನವನ್ನೆಲ್ಲ ಒಂದೇ ಸಲಕ್ಕೆ ತರುವವನಂತೆ ಒದ್ದ. ಹತ್ತು ವರ್ಷ ಬಲೆ ನಂಬಿದ ಕಾಲು. ಚೆಂಡು ಗೋಲಿನ ಮೇಲೆ ಹಾರಿ ಕಟಾವಿಗೆ ಬಂದ ಸೊಪ್ಪಿನೊಳಗೆ ಚಟಚಟನೆ ಬಿತ್ತು.

ಪುಟ್ಟಮಾದಮ್ಮ ಶಾಲನ್ನು ಸೊಂಟಕ್ಕೆ ಬಿಗಿದು, ಬಿಚ್ಚಿ ಹಾಕಿದ್ದ ಗಳುವೊಂದನ್ನು ಎತ್ತಿಕೊಂಡಳು. "ಅಳಿಯಂದ್ರು ಅಂತ ಇಷ್ಟು ದಿನ ಸುಮ್ಕಿದ್ದೆ. ಇವತ್ತಿಂದ ನಾನು ಕೋಚು ಕಣ್ರೀ!"

ಪ್ರಭುಸ್ವಾಮಿ ಬೈಲಕುಪ್ಪೆ ರಸ್ತೆ ಹಿಡಿದು ಓಡಿದ. ಚನ್ನಬಸವಣ್ಣ ಗೇಟಿನ ಬಳಿ ನಿಂತು ಬಹಳ ಹೊತ್ತು ನೋಡಿದ.

"ಬುಡ್ಲಾ ಯತೀಶ, ಒಪ್ಕಂಡೆ" ಎಂದ. "ನಮ್ಮೇಷ್ಟ್ರು ಸ್ಕೂಟರಲ್ಲಿ ಬಂದ್ರೂ ಇಷ್ಟು ಜೋರಾಗಿ ಓಡುಸ್ನಿಲ್ಲ."